ಔನ್ಸ್ ಅಂದರೆ ಯಾವ ಔನ್ಸ್? ಕೆ.ಜಿ.ಗೆ ಬದಲಿಸುವ ಮುನ್ನ ಓದಿ

ಪೌಂಡ್, ಔನ್ಸ್‌ಗಳನ್ನು ಕೆ.ಜಿ.ಗೆ ಬದಲಿಸುವುದು ಎರಡು ನಿಮಿಷದ ಕೆಲಸ. ಆದರೂ ಒಂದೇ ಲೆಕ್ಕಕ್ಕೆ ನಾಲ್ಕು ಜನ ನಾಲ್ಕು ಉತ್ತರ ಕೊಡುವುದನ್ನು ನೋಡಿ ಸಾಕಾಗಿದೆ. ಅವರ ಗುಣಾಕಾರ ಸರಿಯಾಗಿಯೇ ಇರುತ್ತದೆ. ಎಡವುವುದು ಅದಕ್ಕೂ ಮೊದಲು.

ಹಂತ 1: ಲೆಕ್ಕದಲ್ಲಿರುವುದು ದ್ರವ್ಯರಾಶಿಯೋ (ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನುವುದು), ಬಲವೋ (ಅದನ್ನು ಎಳೆಯುವ ಶಕ್ತಿ) ನೋಡಿ. ವಿಜ್ಞಾನದಲ್ಲಿ ತೂಕ ಅಂದರೆ ಬಲ. ವ್ಯಾಪಾರದ ಕಾನೂನಿನಲ್ಲಿ ಸಾಮಾನ್ಯವಾಗಿ ದ್ರವ್ಯರಾಶಿ. ನ್ಯೂಟನ್, ಪೌಂಡ್-ಫೋರ್ಸ್ ಅಂತ ಬರೆದಿದ್ದರೆ ಅದು ಬಲ, ಈ ಲೆಕ್ಕ ಅದಕ್ಕಲ್ಲ.

ಹಂತ 2: ಪೌಂಡ್ ಇದ್ದರೆ 0.45359237ರಿಂದ ಗುಣಿಸಿ. ಅಮೆರಿಕ, ಬ್ರಿಟನ್ ಸೇರಿ ಆರು ದೇಶಗಳು 1959ರಲ್ಲಿ ಒಪ್ಪಿಕೊಂಡ ಸಂಖ್ಯೆ ಇದು. ಅಳೆದು ಸಿಕ್ಕ ಅಂದಾಜಲ್ಲ, ಪೌಂಡ್ ಅಂದರೆ ಇಷ್ಟೇ ಅಂತ ಗೊತ್ತುಮಾಡಿದ್ದು. 2019ರಲ್ಲಿ ಕಿಲೋಗ್ರಾಮಿಗೆ ಲೋಹದ ಬಟ್ಟು ಬಿಟ್ಟು ಪ್ಲಾಂಕ್ ಸ್ಥಿರಾಂಕದ (ಭೌತಶಾಸ್ತ್ರದ ಎಂದೂ ಬದಲಾಗದ ಒಂದು ಸಂಖ್ಯೆ) ಆಧಾರ ಕೊಟ್ಟರಲ್ಲ, ಆಗಲೂ ಈ ಅಂಕಿ ಅಲುಗಲಿಲ್ಲ.

ಹಂತ 3: ಔನ್ಸ್. ಇಲ್ಲಿ ನಿಧಾನಿಸಿ. ಮಾಮೂಲಿ ಸರಕಿನ ಔನ್ಸ್‌ಗೆ ಅವರ್ಡುಪಾಯಿಸ್ ಔನ್ಸ್ ಅಂತಾರೆ. ಪೌಂಡಿನ 16ನೇ ಒಂದು ಭಾಗ, 28.349523125 ಗ್ರಾಂ. ಚಿನ್ನ, ಬೆಳ್ಳಿಯದ್ದು ಟ್ರಾಯ್ ಔನ್ಸ್, 31.1034768 ಗ್ರಾಂ. ಎರಡಕ್ಕೂ ಬುಡ ಗ್ರೇನ್ ಎಂಬ ಅಳತೆ: ಮೊದಲನೆಯದಕ್ಕೆ 437.5 ಗ್ರೇನ್, ಎರಡನೆಯದಕ್ಕೆ 480. ಹತ್ತು ಔನ್ಸ್ ಚಿನ್ನವನ್ನು ಮಾಮೂಲಿ ಔನ್ಸ್ ಅಂದುಕೊಂಡರೆ 27 ಗ್ರಾಮಿಗಿಂತ ಜಾಸ್ತಿ ಮಾಯ! ತಮಾಷೆ ಅಂದರೆ, ಔನ್ಸ್‌ನಲ್ಲಿ ಟ್ರಾಯ್ ದೊಡ್ಡದು, ಪೌಂಡಿನಲ್ಲಿ ಚಿಕ್ಕದು. ಟ್ರಾಯ್ ಪೌಂಡಿಗೆ 12 ಔನ್ಸ್ ಮಾತ್ರ, ಅದು 373 ಗ್ರಾಂ ಚಿಲ್ಲರೆ. ಇನ್ನು ಫ್ಲೂಯಿಡ್ ಔನ್ಸ್ ತೂಕವೇ ಅಲ್ಲ, ದ್ರವದ ಗಾತ್ರ. ಬರೀ ‘ಔನ್ಸ್’ ಅಂತ ತೋರಿಸಿ ಯಾವುದು ಅಂತ ಹೇಳದ ಆ್ಯಪ್‌ಗಳನ್ನು ಸುಮ್ನೆ ಅಳಿಸಿಹಾಕಿ.

ಹಂತ 4: ಟನ್ ಇದ್ದರೆ ದೇಶ ಕೇಳಿ. ಅಮೆರಿಕದ್ದು 2000 ಪೌಂಡ್, ಬ್ರಿಟನ್ನಿನ ಹಳೆಯದು 2240, ಮೆಟ್ರಿಕ್‌ನದು 1000 ಕೆ.ಜಿ.

ಹಂತ 5: ದಶಾಂಶಗಳನ್ನು ಕೊನೆಯಲ್ಲಿ ಮಾತ್ರ ಕತ್ತರಿಸಿ. 2.2ರಿಂದ ಭಾಗಿಸುವ ಅಡ್ಡದಾರಿ ಬಾಯಿಲೆಕ್ಕಕ್ಕೆ ಸರಿ, ಬಿಲ್ಲಿಗೆ ಬೇಡ. ಸಾವಿರ ಪೌಂಡಿಗೆ ಅದು ಸುಮಾರು 950 ಗ್ರಾಂ ಜಾಸ್ತಿ ತೋರಿಸುತ್ತದೆ. 0.45 ಹಿಡಿದರೆ ಮೂರೂವರೆ ಕೆ.ಜಿ.ಗಿಂತ ಜಾಸ್ತಿಯೇ ಕಡಿಮೆ ತೋರಿಸುತ್ತದೆ.