‘ಡೆಡ್ ಮ್ಯಾನ್ ವಾಕಿಂಗ್’ ಆಪೆರಾ ಕೇಳುವುದು ಹೇಗೆ: ಕತೆಗಿಂತ ಮೊದಲು ಹಾಡುಗಾರರನ್ನು ಹಿಡಿಯಿರಿ

ದಾವಣಗೆರೆಯಲ್ಲಿ ಕೂತು ಆಪೆರಾ ಕೇಳುತ್ತೇನೆ ಅಂದರೆ ಜನ ಒಂಥರಾ ನೋಡುತ್ತಾರೆ. ಅದೇ ಜನ ದುಗ್ಗಮ್ಮನ ಜಾತ್ರೆಯಲ್ಲಿ ಕಂಪನಿ ನಾಟಕದ ಟೆಂಟಿನೊಳಗೆ ಮಧ್ಯರಾತ್ರಿ ದಾಟುವವರೆಗೂ ಕೂತು, ಒಂದು ರಂಗಗೀತೆಗೆ ‘ಒನ್ಸ್ ಮೋರ್’ ಕೂಗಿ, ಮನೆಗೆ ಹೋಗುವಾಗ ಅದನ್ನೇ ಗುನುಗಿಕೊಂಡು ಹೋಗುತ್ತಾರೆ. ಹಾಡುತ್ತಲೇ ಕತೆ ಹೇಳುವುದು, ಹಾಡುತ್ತಲೇ ಜಗಳ ಆಡುವುದು ನಮಗೇನು ಹೊಸದಲ್ಲ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ನೋಡಿಕೊಂಡು ಬೆಳೆದ ಊರು ಇದು, ಅಲ್ವಾ? ಆ ಕಿವಿ ಇದ್ದರೆ ಸಾಕು.

ನಾನು ಹೇಳುತ್ತಿರುವುದು ಜೇಕ್ ಹೆಗ್ಗಿ ಸಂಗೀತ ಮಾಡಿದ, ಟೆರೆನ್ಸ್ ಮೆಕ್‌ನ್ಯಾಲಿ ಪಠ್ಯ ಬರೆದ ‘ಡೆಡ್ ಮ್ಯಾನ್ ವಾಕಿಂಗ್’ ಬಗ್ಗೆ. ಮೊದಲ ಪ್ರದರ್ಶನ 2000ದ ಅಕ್ಟೋಬರ್ 7ರಂದು, ಸ್ಯಾನ್ ಫ್ರಾನ್ಸಿಸ್ಕೊ ಆಪೆರಾದಲ್ಲಿ. ಹೆಗ್ಗಿಗೆ ಇದೇ ಮೊದಲ ಆಪೆರಾ. ಸಿಸ್ಟರ್ ಹೆಲೆನ್ ಪ್ರೆಜಾನ್ ಎಂಬ ಕ್ಯಾಥೊಲಿಕ್ ಸನ್ಯಾಸಿನಿ ಮರಣದಂಡನೆಯ ಕೈದಿಗಳ ಜೊತೆಗಿನ ತಮ್ಮ ಅನುಭವವನ್ನು 1993ರಲ್ಲಿ ಪುಸ್ತಕ ಮಾಡಿದ್ದರು. ಆಪೆರಾ ಹುಟ್ಟಿದ್ದು ಅದರಿಂದ. 1995ರಲ್ಲಿ ಇದೇ ಹೆಸರಿನ ಸಿನಿಮಾನೂ ಬಂತು. ಅದನ್ನು ನೋಡಿದ್ದರೆ ಒಳ್ಳೆಯದು, ನೋಡಿಲ್ಲ ಅಂದರೆ ಇನ್ನೂ ಒಳ್ಳೆಯದು. ಸಿನಿಮಾದ ಮುಖಗಳು ತಲೆಯಲ್ಲಿ ಕೂತುಬಿಟ್ಟರೆ ಹಾಡುವವರ ದನಿ ಒಳಗೆ ಇಳಿಯುವುದಿಲ್ಲ.

ಆಪೆರಾ ಕೇಳುವ ಮುಂಚೆ ಕತೆ ಪೂರ್ತಿ ಓದಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಇದಕ್ಕೆ ಅದು ಬೇಡ. ಇಲ್ಲಿ ‘ಕೊಲೆ ಮಾಡಿದವರು ಯಾರು’ ಅನ್ನೋ ಕುತೂಹಲವೇ ಇಲ್ಲ, ಯಾಕೆಂದರೆ ಪರದೆ ಎದ್ದ ಕೂಡಲೇ ಕೊಲೆ ನಮ್ಮ ಕಣ್ಣೆದುರೇ ಆಗಿಬಿಡುತ್ತದೆ. ಕೆರೆ ದಂಡೆಯಲ್ಲಿ ಹದಿಹರೆಯದ ಹುಡುಗ, ಹುಡುಗಿ, ಕಾರಿನ ರೇಡಿಯೊದಲ್ಲಿ ಪಾಪ್ ಹಾಡು, ಕತ್ತಲಿಂದ ಬರುವ ಇಬ್ಬರು ಅಣ್ಣತಮ್ಮಂದಿರು. ಅವರಲ್ಲಿ ಒಬ್ಬ ಜೋಸೆಫ್ ಡಿ ರೋಶೆ. ಮುಂದಿನ ಎರಡೂವರೆ ಗಂಟೆ ನಾವು ಕಾಯುವುದು ಒಂದೇ ಒಂದಕ್ಕೆ: ಇವನು ತಪ್ಪು ಒಪ್ಪಿಕೊಳ್ಳುತ್ತಾನಾ? ಸಿಸ್ಟರ್ ಹೆಲೆನ್ ಅವನಿಂದ ಆ ಮಾತು ಹೊರಡಿಸುತ್ತಾರಾ? ಇಷ್ಟು ಗೊತ್ತಿದ್ದರೆ ಸಾಕು. (ಈ ಮೊದಲ ದೃಶ್ಯದಲ್ಲಿ ಅತ್ಯಾಚಾರ, ಕೊಲೆ ಎರಡೂ ಇವೆ. ಮಕ್ಕಳು ಮನೆಯಲ್ಲಿ ಓಡಾಡಿಕೊಂಡಿರುವಾಗ ಟೀವಿಗೆ ಹಾಕಬೇಡಿ.)

ಹಾಗಾದರೆ ಹಿಡಿದುಕೊಳ್ಳಬೇಕಾದ್ದು ಏನು? ದನಿಗಳನ್ನು. ಯಾರು ಯಾವ ಪಾತ್ರ ಹಾಡಿದರು, ಅದೇ ಪಾತ್ರ ಬೇರೆ ಗಂಟಲಿಗೆ ಹೋದಾಗ ಏನಾಯಿತು ಅನ್ನುವುದನ್ನು.

ಮೊದಲು ರೆಕಾರ್ಡಿಂಗ್ ಹುಡುಕಿ. ಕೇಳುವುದಕ್ಕೆ ಮುಖ್ಯವಾದವು ಎರಡು. ಒಂದು 2000ದ ಮೊದಲ ಪ್ರದರ್ಶನಗಳದ್ದು. ಇನ್ನೊಂದು 2011ರಲ್ಲಿ ಹ್ಯೂಸ್ಟನ್ ಗ್ರ್ಯಾಂಡ್ ಆಪೆರಾದಲ್ಲಿ ಆದದ್ದು. ಎರಡೂ ವೇದಿಕೆ ಮೇಲಿನ ಪ್ರದರ್ಶನದಲ್ಲೇ ಹಿಡಿದವು, ಎರಡಕ್ಕೂ ವಾದ್ಯವೃಂದ ನಡೆಸಿದವರು ಪ್ಯಾಟ್ರಿಕ್ ಸಮ್ಮರ್ಸ್. ಹಾಗಾಗಿ ಹೋಲಿಸುವುದು ಸುಲಭ. ಮೂರನೆಯದು ನೋಡುವುದಕ್ಕೆ: 2023ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ, ಅಂದರೆ ‘ಮೆಟ್’, ಇದನ್ನು ತನ್ನ ಸೀಸನ್ನಿನ ಮೊದಲ ಪ್ರದರ್ಶನವಾಗಿ ಮಾಡಿತು. ಅದರ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಭಾಷೆ ಇಂಗ್ಲಿಷ್, ಅದೂ ಅಮೆರಿಕದ ದಕ್ಷಿಣದ ಆಡುಮಾತು. ಇಟಾಲಿಯನ್ ಬರಲ್ಲ ಅನ್ನೋ ನೆಪ ನಡೆಯಲ್ಲ.

ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಇದರ ಜೀವ ಇರುವುದು ಕೆಳಗಿನ ಸ್ವರಗಳಲ್ಲಿ, ಫೋನಿನಲ್ಲಿ ಮೊದಲು ಸಾಯುವುದು ಅವೇ. ಸಾಧಾರಣ ಇಯರ್‌ಫೋನ್ ಆದರೂ ಆಗುತ್ತದೆ.

ಕೆಳಗಿನ ಸ್ವರ ಅಂದೆ, ಅದಕ್ಕೊಂದು ಕಾರಣ ಇದೆ. ಆಪೆರಾಗಳಲ್ಲಿ ನಾಯಕಿ ಸಾಮಾನ್ಯವಾಗಿ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ಹೆಣ್ಣುದನಿ. ಅದಕ್ಕಿಂತ ಸ್ವಲ್ಪ ಕೆಳಗೆ, ಸ್ವಲ್ಪ ದಪ್ಪಗೆ ಇರುವುದು ಮೆಝೊ ಸೊಪ್ರಾನೊ. ಅವರಿಗೆ ತಾಯಿ, ಸವತಿ, ಸೇವಕಿ, ಕೆಲವು ಸಲ ಹುಡುಗನ ವೇಷ ಸಿಗುವುದೇ ಜಾಸ್ತಿ. ಈ ಆಪೆರಾದಲ್ಲಿ ಸಿಸ್ಟರ್ ಹೆಲೆನ್ ಮೆಝೊ, ಕೊಲೆಗಾರನ ತಾಯಿಯೂ ಮೆಝೊ. ಸೊಪ್ರಾನೊ ಹೋಗಿರುವುದು ಹೆಲೆನ್‌ರ ಗೆಳತಿ ಸಿಸ್ಟರ್ ರೋಸ್‌ಗೆ. ಎರಡನೆಯ ಅಂಕದಲ್ಲಿ ಈ ಗೆಳತಿಯರಿಬ್ಬರೂ ಕ್ಷಮೆಯ ಬಗ್ಗೆ ಹಾಡುವ ಜೋಡಿ ಹಾಡಿದೆ. ಅಲ್ಲಿ ಕಿವಿ ತಾನಾಗಿಯೇ ಮೇಲಿನ ದನಿಯ ಹಿಂದೆ ಹೋಗುತ್ತದೆ, ಅದನ್ನು ಎಳೆದು ತಂದು ಕೆಳಗಿನ ದನಿಯ ಮೇಲೆ ಕೂರಿಸಿ. ಕ್ಷಮಿಸುವುದಕ್ಕೆ ಒದ್ದಾಡುತ್ತಿರುವವರು ಅವರೇ.

ಈಗ ಹೆಲೆನ್ ಪಾತ್ರಕ್ಕೆ ಬರೋಣ. 2000ದಲ್ಲಿ ಇದನ್ನು ಮೊದಲು ಹಾಡಿದವರು ಸೂಸನ್ ಗ್ರಹಾಂ. 2002ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ ಹಾಡಿದವರು ಜಾಯ್ಸ್ ಡಿಡೊನಾಟೊ. ಅವರೇ 2011ರಲ್ಲಿ ಹ್ಯೂಸ್ಟನ್ನಿನಲ್ಲಿ, ಮತ್ತೆ 2023ರಲ್ಲಿ ಮೆಟ್‌ನಲ್ಲಿ ಹಾಡಿದರು. ಹಾಗಾಗಿ ನೀವು ಮಾಡಬೇಕಾದ ಮೊದಲ ಅಭ್ಯಾಸ ಇದು: ಮೊದಲ ಅಂಕದಲ್ಲಿ ಹೆಲೆನ್ ಒಬ್ಬರೇ ಕಾರು ಓಡಿಸಿಕೊಂಡು ಲೂಸಿಯಾನಾದ ಅಂಗೋಲಾ ಜೈಲಿಗೆ ಹೋಗುತ್ತಾರೆ, ದಾರಿಯುದ್ದಕ್ಕೂ ತಮ್ಮೊಳಗೇ ಮಾತಾಡಿಕೊಳ್ಳುತ್ತಾರೆ. ಆ ಹಾಡೊಂದನ್ನೇ ಎರಡೂ ರೆಕಾರ್ಡಿಂಗಿನಲ್ಲಿ ಒಂದಾದ ಮೇಲೆ ಒಂದು ಕೇಳಿ. ಗ್ರಹಾಂ ದನಿ ನೇರ, ತಿಳಿ. ಈ ಹೆಂಗಸಿಗೆ ದಾರಿ ಗೊತ್ತಿದೆ ಅನ್ನಿಸುತ್ತದೆ. ಡಿಡೊನಾಟೊ ದನಿಯಲ್ಲಿ ಒಂದು ಸಣ್ಣ ನಡುಕ ಯಾವಾಗಲೂ ಓಡುತ್ತಿರುತ್ತದೆ, ಅದೇ ಸಾಲು ಹಾಡಿದರೂ ಇವರು ಈಗಲೋ ಆಗಲೋ ಕಾರು ತಿರುಗಿಸಿ ವಾಪಸ್ ಹೋಗಿಬಿಡಬಹುದು ಅನ್ನಿಸುತ್ತದೆ. ನನಗೆ ಈ ಹಾಡಿನಲ್ಲಿ ಡಿಡೊನಾಟೊ ಜಾಸ್ತಿ ಇಷ್ಟ. ಕೊನೆಯ ದೃಶ್ಯಕ್ಕೆ ಗ್ರಹಾಂ ಬೇಕು. ನಿಮಗೆ ತಿರುಗುಮುರುಗು ಅನ್ನಿಸಬಹುದು, ಜಗಳ ಇಲ್ಲ.

ಅದೇ ದಾರಿಯಲ್ಲಿ ಒಂದು ತಮಾಷೆ ಇದೆ, ತಪ್ಪಿಸಿಕೊಳ್ಳಬೇಡಿ. ಜೋರಾಗಿ ಓಡಿಸಿದ್ದಕ್ಕೆ ಮೋಟರ್‌ಸೈಕಲ್ ಪೊಲೀಸ್ ಒಬ್ಬ ಹೆಲೆನ್‌ರನ್ನು ಹಿಡಿಯುತ್ತಾನೆ. ದಂಡ ಹಾಕುವುದು ಬಿಟ್ಟು, ನನ್ನ ತಾಯಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡು ಬಿಟ್ಟುಬಿಡುತ್ತಾನೆ. ಪಿ.ಬಿ. ರೋಡಿನಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ.

ತಾಯಿ ಪಾತ್ರದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. 2000ದಲ್ಲಿ ತಾಯಿಯನ್ನು ಹಾಡಿದವರು ಫ್ರೆಡರಿಕಾ ವಾನ್ ಸ್ಟಾಡ, ಆ ಹೊತ್ತಿಗೇ ದೊಡ್ಡ ಹೆಸರು. 2011ರಲ್ಲೂ ಅವರೇ. ವಯಸ್ಸು ಅರವತ್ತೈದು. ಹ್ಯೂಸ್ಟನ್ನಿನದು ನನ್ನ ವಿದಾಯದ ಪಾತ್ರ ಅಂತ ಹೇಳಿದ್ದರು (ಆಮೇಲೂ ವೇದಿಕೆಗೆ ಬಂದರು ಅನ್ನಿ, ಕಲಾವಿದರ ವಿದಾಯ ಎಲ್ಲಾ ಊರಿನಲ್ಲೂ ಹಾಗೇನೇ). 2023ರಲ್ಲಿ ಮೆಟ್‌ನಲ್ಲಿ ತಾಯಿ ಆದವರು ಯಾರು ಗೊತ್ತಾ? ಸೂಸನ್ ಗ್ರಹಾಂ. ಮೊದಲ ಹೆಲೆನ್ ಇಪ್ಪತ್ತಮೂರು ವರ್ಷದ ಮೇಲೆ ಅದೇ ಆಪೆರಾದಲ್ಲಿ ಕೊಲೆಗಾರನ ಅಮ್ಮನಾಗಿ ನಿಂತರು, ಎದುರಿಗೆ ಹೆಲೆನ್ ಆಗಿ ಡಿಡೊನಾಟೊ. ನಮ್ಮ ಕಂಪನಿಗಳಲ್ಲೂ ನಾಯಕಿ ಆಗಿದ್ದವರು ಮುಂದೆ ತಾಯಿ ಪಾತ್ರಕ್ಕೆ ಬರುತ್ತಾರೆ, ಹಾಗಾಗಿ ಇದರ ತೂಕ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ತಾಯಿಯ ಎರಡು ಜಾಗ ಗುರುತು ಮಾಡಿಕೊಳ್ಳಿ. ಒಂದು, ಕ್ಷಮಾದಾನ ಮಂಡಳಿಯ ಮುಂದೆ ಮಗನ ಜೀವ ಉಳಿಸಿ ಅಂತ ಬೇಡುವುದು. ಇನ್ನೊಂದು, ಕೊನೆಯ ಭೇಟಿ. ಅಲ್ಲಿ ಜೋಸೆಫ್ ಏನೋ ಹೇಳಲು, ಕ್ಷಮೆ ಕೇಳಲು ಬಾಯಿ ತೆರೆಯುತ್ತಾನೆ. ಅವಳು ಬಿಡುವುದಿಲ್ಲ. ಮಗ ನಿರಪರಾಧಿ ಅನ್ನೋ ನಂಬಿಕೆ ಒಂದೇ ಅವಳ ಹತ್ತಿರ ಉಳಿದಿರುವುದು, ಅದನ್ನೂ ಕಳೆದುಕೊಳ್ಳಲು ಅವಳು ತಯಾರಿಲ್ಲ. ವಾನ್ ಸ್ಟಾಡ ಅವರ 2000ದ ದನಿ ಇಲ್ಲಿ ತುಂಬಾ ಚಂದ, ನನ್ನ ಮಟ್ಟಿಗೆ ಸ್ವಲ್ಪ ಅತಿಯಾಗಿಯೇ ಚಂದ. 2011ರದ್ದರಲ್ಲಿ ದನಿ ಅಲ್ಲಲ್ಲಿ ಸವೆದಿದೆ, ಮೇಲಿನ ಸ್ವರ ತೆಳ್ಳಗಾಗಿದೆ, ಮಂಡಳಿಯ ಮುಂದೆ ನಿಂತ ಓದುಬರಹ ಕಡಿಮೆಯ ಬಡ ಹೆಂಗಸು ಇವಳೇ ಅಂತ ಅನ್ನಿಸುವುದು ಆವಾಗ. ಗಂಟಲು ಹಳೆಯದಾದರೆ ನಷ್ಟ ಅಂತ ತಿಳಿದುಕೊಂಡವರಿಗೆ ಇದನ್ನು ಕೇಳಿಸಿ.

ಜೋಸೆಫ್ ಪಾತ್ರಕ್ಕೆ ಗಂಡಸಿನ ನಡುದನಿ, ಬ್ಯಾರಿಟೋನ್. 2000ದಲ್ಲಿ ಜಾನ್ ಪ್ಯಾಕಾರ್ಡ್, 2011ರಲ್ಲಿ ಫಿಲಿಪ್ ಕಟ್ಲಿಪ್. 2023ರಲ್ಲಿ ರಯನ್ ಮೆಕಿನ್ನಿ, ಇವರದು ಇನ್ನೂ ಸ್ವಲ್ಪ ಕೆಳಗೆ ಇಳಿಯುವ ದನಿ. ಎರಡನೆಯ ಅಂಕ ಶುರುವಾಗುವುದೇ ಜೋಸೆಫ್ ಜೈಲಿನ ಕೋಣೆಯಲ್ಲಿ ದಂಡ ಹೊಡೆಯುವುದರಿಂದ. ಆವಾಗಲೇ ಸಾಯುವ ದಿನ ಗೊತ್ತಾಗುತ್ತದೆ. ನಮ್ಮ ಗರಡಿಮನೆಗಳಲ್ಲಿ ಸಾಮು ಮಾಡಿದವರನ್ನು ಕೇಳಿ, ದಂಡ ಹೊಡೆದ ಮೇಲೆ ಎರಡು ಮಾತಾಡುವುದಕ್ಕೇ ಉಸಿರು ಸಾಲುವುದಿಲ್ಲ. ಇವರು ಅಷ್ಟು ಮಾಡಿ ಹಾಡಬೇಕು, ಅದೂ ಮೈಕ್ ಇಲ್ಲದೆ, ತುಂಬಿದ ವಾದ್ಯವೃಂದದ ಮೇಲೆ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ. ಇದನ್ನು ಮಾತ್ರ ಆಡಿಯೊದಲ್ಲಿ ಕೇಳಿದರೆ ಪ್ರಯೋಜನ ಇಲ್ಲ, ವೀಡಿಯೊದಲ್ಲೇ ನೋಡಿ.

ಕಷ್ಟದ ಭಾಗ ಒಂದಿದೆ. ಮಂಡಳಿಯ ವಿಚಾರಣೆ ಮುಗಿದು ಎಲ್ಲರೂ ಹೊರಗೆ ನಿಂತಾಗ ಆರು ಜನ ಒಟ್ಟಿಗೆ ಹಾಡುತ್ತಾರೆ: ಸತ್ತ ಹುಡುಗ, ಹುಡುಗಿಯ ತಂದೆತಾಯಿಗಳು ನಾಲ್ವರು, ಜೋಸೆಫ್‌ನ ತಾಯಿ, ಮತ್ತೆ ಹೆಲೆನ್. ಮೊದಲ ಸಲ ಕೇಳಿದರೆ ಬರೀ ಗದ್ದಲ. ಹೊಸಬರು ಆಪೆರಾ ಬಿಟ್ಟು ಓಡುವುದು ಇಂಥ ಕಡೆ. ಉಪಾಯ ಸರಳ: ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಹಿಂಬಾಲಿಸಿ. ಮೊದಲು ಹುಡುಗಿಯ ತಂದೆ ಓವನ್ ಹಾರ್ಟ್. ಬ್ಯಾರಿಟೋನ್, ಸಿಟ್ಟಿನ ದನಿ, ಬೇಗ ಗುರುತು ಸಿಗುತ್ತದೆ. 2000ದಲ್ಲಿ ಇದನ್ನು ಹಾಡಿದವರು ರಾಬರ್ಟ್ ಆರ್ತ್, ಮೆಟ್‌ನಲ್ಲಿ ರಾಡ್ ಗಿಲ್ಫ್ರಿ. ಆಮೇಲೆ ಅದೇ ಜಾಗಕ್ಕೆ ವಾಪಸ್ ಬಂದು ಜೋಸೆಫ್‌ನ ತಾಯಿಯನ್ನು ಹಿಡಿಯಿರಿ. ಕಳೆದುಕೊಂಡವರ ಸಂಕಟ ನಿನಗೇನು ಗೊತ್ತು ಅಂತ ಆ ನಾಲ್ವರು ಹೆಲೆನ್‌ರನ್ನು ಕೇಳುತ್ತಿದ್ದಾರೆ, ಅದರ ನಡುವೆಯೇ ಈ ತಾಯಿಯ ಸಂಕಟವೂ ಕೇಳಿಸುತ್ತದೆ. ಸಂಗೀತ ಯಾರ ಪಕ್ಷವನ್ನೂ ವಹಿಸುವುದಿಲ್ಲ. ನನಗೆ ಇಡೀ ಆಪೆರಾದ ಜೀವ ಇಲ್ಲೇ ಇದೆ ಅನ್ನಿಸುತ್ತದೆ, ಕೊನೆಯ ಸಾವಿನ ದೃಶ್ಯದಲ್ಲಿ ಅಲ್ಲ. ಓವನ್ ಹಾರ್ಟ್‌ನನ್ನು ಇಲ್ಲಿಗೇ ಬಿಟ್ಟುಬಿಡಬೇಡಿ. ಎರಡನೆಯ ಅಂಕದಲ್ಲಿ ಅವನು ಹೆಲೆನ್‌ರನ್ನು ಪಕ್ಕಕ್ಕೆ ಕರೆದು, ತನಗೆ ಏನು ಬೇಕು ಅನ್ನೋದೇ ಈಗ ಗೊತ್ತಿಲ್ಲ, ಹೆಂಡತಿಯಿಂದಲೂ ದೂರ ಆಗಿದ್ದೇನೆ ಅಂತ ಹೇಳಿಕೊಳ್ಳುತ್ತಾನೆ. ಮುಂಚೆ ಸಿಡಿಯುತ್ತಿದ್ದ ದನಿ ಅಲ್ಲಿ ಹೇಗೆ ಇಳಿಯುತ್ತದೆ ಅಂತ ಗಮನಿಸಿ.

ಇನ್ನೊಂದು ಎಳೆ: ಶುರುವಿನಲ್ಲಿ ಹೆಲೆನ್ ಮಕ್ಕಳಿಗೆ ಒಂದು ಭಜನೆ ಕಲಿಸುತ್ತಾರೆ. ಹಳೆಯ ಚರ್ಚ್ ಹಾಡಿನ ಹಾಗೆ ಕೇಳಿಸುತ್ತದೆ, ಆದರೆ ಈ ಆಪೆರಾಕ್ಕೇ ಮಾಡಿದ್ದು. ಅದರ ಮಟ್ಟು ಬಾಯಿಗೆ ಬರುವವರೆಗೂ ಕೇಳಿ, ಗುನುಗಿ, ಆಮೇಲೆ ಮುಂದಕ್ಕೆ ಹೋಗಿ. ಕೊನೆಯಲ್ಲಿ ಅದು ಬೇಕಾಗುತ್ತದೆ. ವಿಷದ ಇಂಜೆಕ್ಷನ್ ಕೊಡುವಾಗ ವಾದ್ಯಗಳು ನಿಂತುಬಿಡುತ್ತವೆ. ಯಂತ್ರದ ಸದ್ದು, ಎದೆಬಡಿತದ ಮಾನಿಟರ್ ಸದ್ದು, ಅಷ್ಟೇ. ಆಮೇಲೆ ಹೆಲೆನ್ ಅದೇ ಮಟ್ಟನ್ನು ಒಬ್ಬರೇ, ಶ್ರುತಿ ಹಿಡಿಯುವ ಒಂದು ವಾದ್ಯವೂ ಇಲ್ಲದೆ ಹಾಡಬೇಕು. ಎರಡೂವರೆ ಗಂಟೆ ಹಾಡಿ ದಣಿದ ಗಂಟಲಿಗೆ ಇದು ಎಂಥ ಪರೀಕ್ಷೆ ಅಂತ ಹಾರ್ಮೋನಿಯಂ ಇಲ್ಲದೆ ರಂಗಗೀತೆ ಎತ್ತಿದವರಿಗೆ ಗೊತ್ತು. ಗ್ರಹಾಂ ಬೇಕು ಅಂದೆನಲ್ಲ, ಈ ಜಾಗಕ್ಕೆ.

ನಾಲ್ಕು ಜನ ಸೇರಿ ಕೇಳುವುದಾದರೆ ಎರಡು ಅಂಕವನ್ನು ಎರಡು ಸಂಜೆಗೆ ಹಂಚಿಕೊಳ್ಳಿ. ಮಂಡಕ್ಕಿ ಮೆಣಸಿನಕಾಯಿ ಮುಂಚೆಯೇ ಮುಗಿಸಿಬಿಡಿ, ಕುರುಕುರು ಸದ್ದಿನಲ್ಲಿ ಏನೂ ಕೇಳಿಸಲ್ಲ. ಗಲ್ಲುಶಿಕ್ಷೆ ಸರಿಯೋ ತಪ್ಪೋ ಅನ್ನೋ ವಾದ ಬಂದೇ ಬರುತ್ತದೆ, ಅದನ್ನು ಎರಡನೆಯ ಸಂಜೆಗೆ ಇಟ್ಟುಕೊಳ್ಳಿ. ಮಧ್ಯದಲ್ಲಿ ಶುರುವಾದರೆ ಆಪೆರಾ ಅಲ್ಲಿಗೇ ನಿಲ್ಲುತ್ತದೆ.

ಕೇಳಿ ಮುಗಿಸಿದ ಮೇಲೆ ಮನಸ್ಸು ಭಾರ ಆಗುತ್ತದೆ, ಅದಕ್ಕೂ ಹಾಡುಗಾರರ ಹತ್ತಿರವೇ ಮದ್ದು ಇದೆ. ವಾನ್ ಸ್ಟಾಡ ಚಿಕ್ಕವರಾಗಿದ್ದಾಗ ಮೊಜಾರ್ಟ್ ಆಪೆರಾದಲ್ಲಿ ಹಾಡಿದ ಕೆರುಬಿನೊ ಎಂಬ ತುಂಟ ಹುಡುಗನ ಹಾಡುಗಳನ್ನು ಹುಡುಕಿ. ಅದೂ ಸಾಲದು ಅಂದರೆ ಡಿಡೊನಾಟೊ ಅವರ 2009ರ ‘ಬಾರ್ಬರ್ ಆಫ್ ಸೆವಿಲ್’ ಎಂಬ ನಗೆ ಆಪೆರಾ ಇದೆ. ಲಂಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ ಮೊದಲ ದಿನವೇ ವೇದಿಕೆ ಮೇಲೆ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು, ಊರುಗೋಲು ಹಿಡಿದು ಅವತ್ತಿನ ಆಟ ಮುಗಿಸಿದರು. ಉಳಿದ ಪ್ರದರ್ಶನಗಳಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ವೀಲ್‌ಚೇರಿನಲ್ಲೇ ಕೂತು, ವೇದಿಕೆ ತುಂಬಾ ಓಡಾಡಿಕೊಂಡು ಹಾಡಿದರು.