ಮುಟ್ಟಿನ ನೋವಿನ ಮಾತ್ರೆ: ಗಂಟೆ ನೋಡಿ ನುಂಗಲು ಕಲಿತದ್ದು

ಮುಟ್ಟಿನ ಮೊದಲ ದಿನ ಹಲ್ಲು ಕಚ್ಚಿ ನೋವು ತಡೆದುಕೊಂಡು, ಇನ್ನು ಆಗದು ಎನ್ನಿಸಿದಾಗ ಮಾತ್ರೆ ನುಂಗುವುದು ಹತ್ತಾರು ವರ್ಷ ನನ್ನ ರೂಢಿಯಾಗಿತ್ತು. ನಮ್ಮ ಮನೆಯಲ್ಲಿ ಮೆಂತ್ಯದ ನೀರು, ಬಿಸಿನೀರಿನ ಚೀಲ ಎಲ್ಲವೂ ಮುಗಿದ ಮೇಲೆಯೇ ಮಾತ್ರೆಯ ಸರದಿ. ಅಷ್ಟು ಹೊತ್ತಿಗೆ ವಾಂತಿ ಶುರುವಾಗಿ, ನುಂಗಿದ್ದೂ ಹೊರಗೆ ಬರುತ್ತಿತ್ತು.

ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಅಲ್ಲಿನ ಸ್ನಾಯುವನ್ನು ಹಿಂಡುತ್ತದೆ ಎಂದು ಸ್ತ್ರೀರೋಗ ತಜ್ಞೆಯೊಬ್ಬರು ವಿವರಿಸಿದಾಗ ನನ್ನ ತಪ್ಪು ತಿಳಿಯಿತು. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್ ಮುಂತಾದ ನೋವಿನ ಮಾತ್ರೆಗಳು ಅದು ಹೊಸದಾಗಿ ತಯಾರಾಗುವುದನ್ನು ತಡೆಯುತ್ತವೆಯೇ ಹೊರತು, ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ಹಾಗಾಗಿ ಈಗ ಕಿಬ್ಬೊಟ್ಟೆ ಹಿಡಿದುಕೊಳ್ಳಲು ತೊಡಗಿದೊಡನೆ, ಎರಡು ಇಡ್ಲಿಯಾದರೂ ಹೊಟ್ಟೆಗೆ ಬಿದ್ದ ಮೇಲೆ, ವೈದ್ಯರು ನನಗೆ ಹೇಳಿದಂತೆ 400 ಮಿಲಿಗ್ರಾಂ ಐಬುಪ್ರೊಫೆನ್ ತೆಗೆದುಕೊಳ್ಳುತ್ತೇನೆ. ಮುಂದಿನದು ಎಂಟು ಗಂಟೆ ಕಳೆದ ಮೇಲೆ. ದಿನಕ್ಕೆ 1200 ಮಿಲಿಗ್ರಾಂ ಮೀರುವುದಿಲ್ಲ, ಎರಡನೆಯ ದಿನದ ರಾತ್ರಿಗೆ ನಿಲ್ಲಿಸುತ್ತೇನೆ. ನೋವಿನ ಮಂಪರಿನಲ್ಲಿ ಲೆಕ್ಕ ತಪ್ಪುವುದರಿಂದ ನುಂಗಿದ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ.

ಇದಕ್ಕೂ ಮುಂಚೆ ಒಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೆಫೆನಾಮಿಕ್ ಆಸಿಡ್ ನುಂಗಿ, ಮಧ್ಯಾಹ್ನ ಸೊಂಟನೋವಿಗೆಂದು ಸಹೋದ್ಯೋಗಿ ಕೊಟ್ಟ ಡೈಕ್ಲೋಫೆನಾಕ್ ಅನ್ನೂ ನುಂಗಿದ್ದೆ. ಅಂದು ರಾತ್ರಿಯಿಡೀ ಎದೆ, ಹೊಟ್ಟೆ ಉರಿದವು. ಹೆಸರು ಬೇರೆಯಾದರೂ ಎರಡೂ ಒಂದೇ ವರ್ಗದವು. ಜಠರದ ಒಳಗೋಡೆಯನ್ನು ಕಾಯುವ ಪ್ರೊಸ್ಟಾಗ್ಲ್ಯಾಂಡಿನ್ನನ್ನೂ ಇವು ತಗ್ಗಿಸುತ್ತವೆ. ಅಂದಿನಿಂದ ಮೆಡಿಕಲ್ ಶಾಪಿನಲ್ಲಿ ಶೀಟಿನ ಹಿಂಬದಿ ಓದದೆ ಕೊಳ್ಳುವುದಿಲ್ಲ. ಮುಟ್ಟಿನ ನೋವಿಗೆಂದು ಕೊಡುವ ಎಷ್ಟೋ ಮಾತ್ರೆಗಳಲ್ಲಿ ಮೆಫೆನಾಮಿಕ್ ಆಸಿಡ್ ಜೊತೆ ಸ್ನಾಯು ಸೆಳೆತ ತಗ್ಗಿಸುವ ಡೈಸೈಕ್ಲೊಮಿನ್ ಕೂಡ ಇರುತ್ತದೆ. ಬಾಯಿ ಒಣಗಿ ತಲೆ ತೂಗುವುದು ಅದರಿಂದಲೇ.

ಮೆಫೆನಾಮಿಕ್ ಆಸಿಡ್ ಬಗ್ಗೆ ಔಷಧಗಳ ಗುಣಮಟ್ಟ, ಸುರಕ್ಷತೆ ಗಮನಿಸುವ ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರ ನವೆಂಬರಿನಲ್ಲಿ ಎಚ್ಚರಿಕೆ ನೀಡಿತು. ಜ್ವರ, ಮೈಮೇಲೆ ದದ್ದು, ಜೊತೆಗೆ ಒಳಾಂಗಗಳಿಗೂ ತೊಂದರೆ ತರುವ ಡ್ರೆಸ್ ಸಿಂಡ್ರೋಮ್ ಅಪರೂಪವಾದರೂ, ಮಾತ್ರೆ ಶುರುಮಾಡಿ ಕೆಲವು ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಮಾತ್ರೆಯ ಹೆಸರನ್ನೂ ಕ್ಯಾಲೆಂಡರಿನಲ್ಲಿ ಬರೆಯತೊಡಗಿದ್ದು ಆ ಸುದ್ದಿ ಓದಿದ ಮೇಲೆ.

ನನಗೆ ಒಗ್ಗಿದ ಶೀಟನ್ನು ತಂಗಿಗೆ ಕೊಡುವುದಿಲ್ಲ. ಅವಳಿಗೆ ಆಸ್ತಮಾ ಇದೆ, ಇಂಥ ಮಾತ್ರೆಗಳಿಂದ ಕೆಲವರಿಗೆ ಉಬ್ಬಸ ಕೆರಳುತ್ತದೆ. ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು, ಗರ್ಭಿಣಿಯಾಗಿರುವ ಸಾಧ್ಯತೆ ಇರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಮಳೆಗಾಲದಲ್ಲಿ ಜ್ವರವಿದ್ದಾಗ ಮುಟ್ಟು ಬಂದರೆ ನಾನು ಪ್ಯಾರಾಸಿಟಮಾಲ್‌ಗೇ ನಿಲ್ಲುತ್ತೇನೆ, ಏಕೆಂದರೆ ಅದು ಡೆಂಗ್ಯೂ ಆಗಿದ್ದರೆ ಈ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಮೂರು ತಿಂಗಳು ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೂ ನೋವು ತಗ್ಗದಿದ್ದರೆ ಬನ್ನಿ ಎಂದು ವೈದ್ಯೆ ಹೇಳಿದ್ದರು. ಕಳೆದ ವರ್ಷ ಹಾಗೆಯೇ ಆದಾಗ, ಮಾತ್ರೆ ಹೆಚ್ಚಿಸದೆ ಕ್ಯಾಲೆಂಡರನ್ನೇ ಅವರ ಮುಂದಿಟ್ಟೆ. ಸ್ಕ್ಯಾನಿಂಗ್‌ನಲ್ಲಿ ಎಂಡೊಮೆಟ್ರಿಯೋಸಿಸ್‌ನಿಂದಾದ (ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯುವ ಕಾಯಿಲೆ) ಗಡ್ಡೆ ಅಂಡಾಶಯದಲ್ಲಿ ಕಂಡಿತು. ಈಗ ನಡೆಯುತ್ತಿರುವುದು ಅದರ ಚಿಕಿತ್ಸೆ.