ಆಮೀಟರ್ ಸುಮ್ನೆ ನೋಡ್ಬೇಡಿ, ಲೋಡ್ ಕೊಟ್ಟು ನೋಡಿ
ಮೈಸೂರು ಏರ್‌ಪೋರ್ಟ್ ಮಂಡಕಳ್ಳಿಲಿ ಫ್ಲೈಯಿಂಗ್ ಕಲೀತಿರೋರಿಗೆ: ರನ್‌ಅಪ್‌ನಲ್ಲಿ (ಟೇಕಾಫ್‌ಗೆ ಮುಂಚೆ ಇಂಜಿನ್ ಜೋರು ಮಾಡಿ ನೋಡೋ ಚೆಕ್; ಹಳೇ ಸೆಸ್ನಾ 172 ಆದ್ರೆ 1700 ಆರ್‌ಪಿಎಂ) ಲ್ಯಾಂಡಿಂಗ್ ಲೈಟ್ ಆನ್ ಮಾಡಿ ಆಮೀಟರ್ (ಬ್ಯಾಟ್ರಿಗೆ ಕರೆಂಟ್ ಹೋಗ್ತಿದ್ಯಾ, ಬ್ಯಾಟ್ರಿಯಿಂದ ಬರ್ತಿದ್ಯಾ ಅಂತ ತೋರ್ಸೋ ಮೀಟರ್) ಮುಳ್ಳು ನೋಡಿ, ಒಂಚೂರು ಮೈನಸ್ ಕಡೆ ಅದುರಿ ವಾಪಸ್ ಬಂದ್ರೆ ಆಲ್ಟರ್ನೇಟರ್ (ಇಂಜಿನ್ ಓಡ್ವಾಗ ಕರೆಂಟ್ ಮಾಡೋದು) ಲೋಡ್ ಎತ್ಕೊಳ್ತಿದೆ ಅಂತ, ಅಲ್ಲೇ ಕೂತ್ರೆ ಲೈಟ್ ಉರೀತಿರೋದು ಬ್ಯಾಟ್ರಿಲಿ, ಗಾಡಿ ವಾಪಸ್ ತಿರುಗ್ಸಿ. ಲೋಡ್ ಕಮ್ಮಿ ಇದ್ದಾಗ ಆಲ್ಟರ್ನೇಟರ್ ಸತ್ತಿದ್ರೂ ಮುಳ್ಳು ಸೊನ್ನೆ ಹತ್ರಾನೇ ಇರ್ಬೋದು, ಅದೇ ಮೋಸ. ಐಡಲ್‌ನಲ್ಲಿ ಈ ಟೆಸ್ಟ್ ನಂಬ್ಬೇಡಿ, ಅಲ್ಲಿ ಆಲ್ಟರ್ನೇಟರ್‌ಗೇ ದಮ್ ಇರಲ್ಲ. ಎಲ್‌ಇಡಿ ಲೈಟ್ ಹಾಕ್ಸಿರೋ ವಿಮಾನದಲ್ಲಿ ಮುಳ್ಳು ಅಲ್ಲಾಡೋದೇ ಕಾಣಲ್ಲ, ಪಿಟೋ ಹೀಟ್ (ವೇಗ ಅಳೆಯೋ ಕೊಳವೆಯ ಹೀಟರ್) ಒಂದೈದು ಸೆಕೆಂಡ್ ಹಾಕಿ ಸಾಕು, ಜಾಸ್ತಿ ಬಿಟ್ರೆ ಸುಡತ್ತೆ. ಆಮೀಟರ್ ಬದ್ಲು ಲೋಡ್‌ಮೀಟರ್ (ಆಲ್ಟರ್ನೇಟರ್ ಕೊಡ್ತಿರೋ ಕರೆಂಟ್ ತೋರ್ಸೋ ಮೀಟರ್) ಇದ್ರೆ ಲೆಕ್ಕ ಉಲ್ಟಾ, ಮುಳ್ಳು ಮೇಲಕ್ಕೆ ಹೋಗ್ಬೇಕು.